ತಾಯಿಯ ಎದೆಯ ಕಾವು

ಬೇಸಗೆಯ ನಡುಹಗಲಿನಲ್ಲಿಯೂ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆಂದು ಕೇಳಿದರೆ ಉತ್ತರ ಹೇಳಲಾರದ ವಿದ್ಯಾರ್ಥಿ ಇಂದು ವಿರಳ. ಹೂಜಿಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುತ್ತದೆ. ಆವಿಯಾಗುವುದಕ್ಕೆ ಬೇಕಾದ ಉಷ್ಣವನ್ನು ಅದು ಹೂಜಿಯಿಂದಲೂ ಒಳಗಿನ ನೀರಿನಿಂದಲೂ ಸೆಳೆದುಕೊಳ್ಳುತ್ತದೆ. ಆದುದರಿಂದ ಉಳಿದ ನೀರು ತಣ್ಣಗಾಗುತ್ತದೆ. ನಮಗೆ ಇಷ್ಟೊಂದು ಹಿತವನ್ನುಂಟುಮಾಡುವ ಈ ನಿಯಮವೇ ಇನ್ನೊಂದೆಡೆ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಆಗ ತಾನೇ ಭೂಮಿಗೆ ಬಿದ್ದ ಕೂಸಿನ ಮೈಯೆಲ್ಲ ಗರ್ಭಕೋಶದ ನೀರಿನಿಂದ ಒದ್ದೆಯಾಗಿರುತ್ತದೆ. ಆ ನೀರೂ ಆವಿಯಾಗುತ್ತದೆ. ಅದಕ್ಕೆ ಬೇಕಾದ ಉಷ್ಣ ಕೂಸಿನ ಮೈಯಿಂದ ಹೋಗುತ್ತದೆ. ಪ್ರಕೃತಿಯ ನಿಯಮಕ್ಕೆ ಹೂಜಿಯೆಂದೂ ಹಸುಳೆಯೆಂದೂ ಭೇದವಿಲ್ಲ.

ಈ ನಷ್ಟವನ್ನು ತಡೆಯುವ ಉಪಾಯವು ತೀರ ಸರಳವಾದುದು. ಹುಟ್ಟಿದೊಡನೆ ಕೂಸನ್ನು ಒಣಬಟ್ಟೆಯಿಂದ ಚೆನ್ನಾಗಿ ಒರಸಿ, ಬರಿಮೈಯಲ್ಲಿಯೇ ತಾಯಿಯ ಬರಿ ಎದೆಯ ಮೇಲೆ ಬೋರಲಾಗಿ ಮಲಗಿಸಿ, ತಲೆಗೊಂದು ಕುಲಾವಿ ತೊಡಿಸಿ, ಬೆನ್ನಿನ ಮೇಲೆ ಬೇರೊಂದು ಒಣಬಟ್ಟೆಯನ್ನು ಹೊದಿಸಬೇಕು. ಅಲ್ಲಿಯೇ ಅದಕ್ಕೆ ಮೊದಲ ಹಾಲನ್ನು ಕುಡಿಯಗೊಡಬೇಕು. ಇಷ್ಟೇ. ಇಷ್ಟು ಸುಲಭವಾದ ಕೆಲಸದಿಂದ ಎಷ್ಟು ದೊಡ್ಡ ಪ್ರಯೋಜನವಿದೆಯೆಂಬುದನ್ನು ಮನುಷ್ಯನು ಅಳೆದು ತೂಗಿ ನಿಶ್ಚಯಿಸಿದ್ದು ಮಾತ್ರ ಇತ್ತೀಚೆಗೆ. ಉಷ್ಣಶಾಸ್ತ್ರದ ಪ್ರಾಥಮಿಕ ಪಾಠಗಳನ್ನು ಬಲ್ಲ ಯಾರಾದರೂ ಇದನ್ನು ಅರ್ಥಮಾಡಿಕೊಳ್ಳಬಹುದು.

ಚಿಕ್ಕ ಮೈಯ ದೊಡ್ಡ ಕಷ್ಟ

ಗರ್ಭದಲ್ಲಿರುವಾಗ ಮಗುವಿನ ಮೈಯ ಉಷ್ಣತೆ ತಾಯಿಯದಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಾಗಿರುತ್ತದೆ. ಅಲ್ಲಿ ಅದಕ್ಕೆ ಚಳಿಯೆಂಬುದರ ಪರಿಚಯವೇ ಇಲ್ಲ. ಹುಟ್ಟಿದ ಕ್ಷಣದಲ್ಲಿ ಅದು ತನ್ನ ಮೈಗಿಂತ ಹತ್ತು ಹನ್ನೆರಡು ಡಿಗ್ರಿಗಳಷ್ಟು ತಣ್ಣಗಿರುವ ಗಾಳಿಗೆ ಬಂದು ಬೀಳುತ್ತದೆ. ನಮಗೆ ೨೫ ಡಿಗ್ರಿಯ ಕೋಣೆ ಹಿತಕರವಾಗಿದೆಯಲ್ಲ, ಕೂಸಿಗೆ ಮಾತ್ರ ಏಕೆ ಕಷ್ಟ ಎಂದು ಕೇಳಬಹುದು. ಇದಕ್ಕೆ ಉತ್ತರ ರೇಖಾಗಣಿತದಲ್ಲಿದೆ.

ಹಂಡೆಯ ತುಂಬ ಕಾಯಿಸಿದ ನೀರು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅದೇ ನೀರನ್ನು ಒಂದು ಲೋಟದಲ್ಲಿ ತೆಗೆದಿಟ್ಟರೆ ಬೇಗನೆ ಆರಿಹೋಗುತ್ತದೆ. ವಸ್ತುವಿನಲ್ಲಿ ಅಡಗಿರುವ ಉಷ್ಣವು ಅದರ ಗಾತ್ರವನ್ನು ಅನುಸರಿಸುತ್ತದೆ. ಉಷ್ಣ ಹೊರಹೋಗುವುದಾದರೋ ಅದರ ಮೇಲ್ಮೈಯ ಮೂಲಕ. ಒಂದು ಘನದ ಅಂಚಿನ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಮೇಲ್ಮೈ ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಗಾತ್ರವು ಎಂಟರಲ್ಲಿ ಒಂದು ಪಾಲಾಗುತ್ತದೆ. ಎಂದರೆ ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚಾಗುತ್ತದೆ. ೬೦ ಕಿಲೊಗ್ರಾಂ ತೂಕದ ವಯಸ್ಕನ ಚರ್ಮದ ವಿಸ್ತೀರ್ಣ ಸುಮಾರು ೧.೬ ಚದರ ಮೀಟರ್. ೩ ಕಿಲೊಗ್ರಾಂ ತೂಗುವ ಕೂಸಿನದು ಸುಮಾರು ೦.೨ ಚದರ ಮೀಟರ್. ಪ್ರತಿ ಕಿಲೊಗ್ರಾಂ ತೂಕಕ್ಕೆ ಎಷ್ಟು ಚರ್ಮವೆಂದು ಭಾಗಿಸಿ ನೋಡಿದರೆ ಕೂಸಿನ ಪಾಲು ವಯಸ್ಕನದಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಅದರ ಚರ್ಮವೂ ತೆಳು; ಚರ್ಮದಡಿಯ ಕೊಬ್ಬಿನ ಹೊದಿಕೆಯೂ ತೆಳು. ೨೩ ಡಿಗ್ರಿಯ ಕೋಣೆಯಲ್ಲಿ ಬರಿಮೈಯಲ್ಲಿರುವ ಕೂಸಿಗೆ ಆಗುವ ಉಷ್ಣನಷ್ಟವು, ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯ ಚಳಿಯಲ್ಲಿ ಬರಿಮೈಯಲ್ಲಿ ನಿಂತ ವಯಸ್ಕನಿಗೆ ಆಗುವ ನಷ್ಟಕ್ಕೆ ಸಮನೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೋಲಿಸಿ ಹೇಳಿದೆ.

ಉಷ್ಣ ಹೊರಹೋಗುವ ನಾಲ್ಕು ದಾರಿಗಳು

ಕೂಸಿನ ಮೈಯಿಂದ ಉಷ್ಣವು ನಾಲ್ಕು ದಾರಿಗಳಲ್ಲಿ ಹೊರಟುಹೋಗುತ್ತದೆ. ತಣ್ಣನೆಯ ತಕ್ಕಡಿಯ ಮೇಲೋ ಮೇಜಿನ ಮೇಲೋ ಮಲಗಿಸಿದರೆ ಅದು ವಹನದಿಂದ ಹೋಗುತ್ತದೆ. ಬೀಸಣಿಗೆಯ ಗಾಳಿಯೋ ಕಿಟಕಿಯ ಗಾಳಿಯೋ ಸುಳಿದರೆ ಸಂವಹನದಿಂದ ಹೋಗುತ್ತದೆ. ಗಾಳಿ ಬೆಚ್ಚಗಿದ್ದರೂ ಸುತ್ತಲಿನ ಗೋಡೆಗಳು ತಣ್ಣಗಿದ್ದರೆ, ಯಾವ ಸ್ಪರ್ಶವೂ ಇಲ್ಲದೆ, ವಿಕಿರಣದಿಂದ ಹೋಗುತ್ತದೆ. ಆದರೆ ಹುಟ್ಟಿದ ಮೊದಲ ನಿಮಿಷಗಳಲ್ಲಿ ಎಲ್ಲಕ್ಕಿಂತ ಬಲವಾದುದು ನಾಲ್ಕನೆಯದು, ನಾವು ಹೂಜಿಯಲ್ಲಿ ಕಂಡ ಆವಿಯಾಗುವಿಕೆ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಮನುಷ್ಯದೇಹದ ವಿಶಿಷ್ಟೋಷ್ಣ ಸುಮಾರು ೦.೮೩. ಆದುದರಿಂದ ೩೦೦೦ ಗ್ರಾಂ ತೂಕದ ಕೂಸಿನ ಉಷ್ಣತೆ ಒಂದು ಡಿಗ್ರಿಯಷ್ಟು ಇಳಿಯಬೇಕಾದರೆ ಅದರ ಮೈಯಿಂದ ಸುಮಾರು ೨೫೦೦ ಕ್ಯಾಲೊರಿ ಉಷ್ಣ ಹೊರಹೋಗಬೇಕು. ಮೈಯ ಉಷ್ಣತೆಗೆ ಸಮೀಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಬೇಕಾಗುವ ಗುಪ್ತೋಷ್ಣ ಸುಮಾರು ೫೮೦ ಕ್ಯಾಲೊರಿ. ಕೂಸಿನ ಮೈಮೇಲೆ ಕೇವಲ ೧೦ ಗ್ರಾಂ ನೀರು, ಎಂದರೆ ಎರಡು ಸಣ್ಣ ಚಮಚೆಯಷ್ಟು ನೀರು, ಉಳಿದಿದೆಯೆಂದು ಇಟ್ಟುಕೊಳ್ಳೋಣ. ಅದಷ್ಟೂ ಕೂಸಿನ ಮೈಯ ಉಷ್ಣದಿಂದಲೇ ಆವಿಯಾದರೆ ೫೮೦೦ ಕ್ಯಾಲೊರಿ ಖರ್ಚಾಗುತ್ತದೆ. ಕೂಸು ಹೊಸದಾಗಿ ಉಷ್ಣವನ್ನು ಉತ್ಪತ್ತಿಮಾಡದೆ ಹೋದರೆ ಅದರ ಉಷ್ಣತೆ ೨.೩ ಡಿಗ್ರಿಗಳಷ್ಟು ಕುಸಿಯಬೇಕು. ಇದು ಬರಿಯ ಕಾಗದದ ಲೆಕ್ಕವಲ್ಲ. ಒದ್ದೆಮೈಯಲ್ಲಿ ಹಾಗೆಯೇ ಬಿಟ್ಟ ಕೂಸಿನ ಉಷ್ಣತೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಎರಡರಿಂದ ನಾಲ್ಕು ಡಿಗ್ರಿಗಳವರೆಗೆ ಇಳಿಯಬಹುದೆಂದು ಅಳತೆಗಳು ತಿಳಿಸುತ್ತವೆ. ಕೂಸಿನ ಆರೋಗ್ಯಕ್ಕೆ ತಕ್ಕ ಉಷ್ಣತೆ ೩೬.೫ರಿಂದ ೩೭.೫ ಡಿಗ್ರಿ, ೩೬ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭವಾದಂತೆಯೇ.

ಕೂಸಿನ ಸ್ವಂತ ಒಲೆ

ಹಾಗಾದರೆ ಪ್ರಕೃತಿ ಕೂಸಿಗೆ ಯಾವ ರಕ್ಷಣೆಯನ್ನೂ ಕೊಟ್ಟಿಲ್ಲವೆ? ಕೊಟ್ಟಿದೆ. ನಮಗೆ ಚಳಿಯಾದಾಗ ಮೈ ನಡುಗುತ್ತದೆ. ಸ್ನಾಯುಗಳ ಆ ನಡುಕದಿಂದ ಉಷ್ಣ ಹುಟ್ಟುತ್ತದೆ. ನವಜಾತ ಶಿಶುವಿಗೆ ಹೀಗೆ ನಡುಗಿ ಮೈಕಾಯಿಸಿಕೊಳ್ಳುವ ಶಕ್ತಿ ಇಲ್ಲವೆಂದೇ ಹೇಳಬಹುದು. ಅದಕ್ಕೆ ಬದಲಾಗಿ ಅದರ ಹೆಗಲುಮೂಳೆಗಳ ನಡುವೆ, ಕುತ್ತಿಗೆಯಲ್ಲಿ, ಮೂತ್ರಪಿಂಡಗಳ ಸುತ್ತ ಕಂದು ಬಣ್ಣದ ವಿಶೇಷವಾದ ಕೊಬ್ಬು ಶೇಖರವಾಗಿರುತ್ತದೆ. ಸಾಮಾನ್ಯ ಜೀವಕೋಶಗಳಲ್ಲಿ ಆಹಾರವು ಉರಿದಾಗ ಬಿಡುಗಡೆಯಾಗುವ ಶಕ್ತಿಯ ಒಂದು ಭಾಗವು ಕೋಶದ ಕೆಲಸಕ್ಕಾಗಿ ರಾಸಾಯನಿಕ ರೂಪದಲ್ಲಿ ಉಳಿತಾಯವಾಗುತ್ತದೆ. ಕಂದುಕೊಬ್ಬಿನ ಕೋಶಗಳಲ್ಲಿರುವ ಒಂದು ಪ್ರೋಟೀನು ಈ ಉಳಿತಾಯವನ್ನು ತಪ್ಪಿಸಿಬಿಡುತ್ತದೆ. ಕೆರೆಯ ನೀರನ್ನು ಗಿರಣಿಯ ಚಕ್ರದ ಮೇಲೆ ಹರಿಸದೆ ಬೇರೊಂದು ತೂಬಿನಿಂದ ಸುಮ್ಮನೆ ಧುಮುಕಿಸಿದ ಹಾಗೆ, ಶಕ್ತಿಯೆಲ್ಲ ನೇರವಾಗಿ ಉಷ್ಣವಾಗಿ ಮಾರ್ಪಡುತ್ತದೆ.

ಈ ಒಲೆ ಬಲು ಚೆನ್ನಾದುದೇ. ಆದರೆ ಯಾವ ಒಲೆಯೂ ಸೌದೆಯಿಲ್ಲದೆ ಗಾಳಿಯಿಲ್ಲದೆ ಉರಿಯದು. ಇದಕ್ಕೆ ಕೊಬ್ಬೂ ಸಕ್ಕರೆಯೂ ಆಮ್ಲಜನಕವೂ ಬೇಕು. ವಿಶ್ರಾಂತಿಯಲ್ಲಿರುವ ಕೂಸು ಒಂದು ಗಂಟೆಯಲ್ಲಿ ಉತ್ಪತ್ತಿಮಾಡುವ ಉಷ್ಣ ಸುಮಾರು ಐದು ಕಿಲೊಕ್ಯಾಲೊರಿ, ಎಂದರೆ ೫೦೦೦ ಕ್ಯಾಲೊರಿ. ಎರಡು ಚಮಚೆ ನೀರು ಆವಿಯಾಗುವಾಗ ಒಯ್ಯುವ ಉಷ್ಣ ಇದಕ್ಕಿಂತಲೂ ಮಿಗಿಲಾದುದೆಂಬುದನ್ನು ಗಮನಿಸಬೇಕು. ಆಗ ತಾನೇ ಉಸಿರಾಡಲು ಕಲಿಯುತ್ತಿರುವ ಶ್ವಾಸಕೋಶಗಳ ಮೇಲೆ ಹೆಚ್ಚಿನ ಹೊರೆ ಬೀಳುತ್ತದೆ. ರಕ್ತದಲ್ಲಿಯ ಸಕ್ಕರೆ ಇಳಿಯುತ್ತದೆ. ಕೂಸು ನಿತ್ರಾಣವಾಗಿ ಹಾಲು ಚೀಪಲಾರದೆ ಹೋಗುತ್ತದೆ. ಹಾಲಿಲ್ಲದುದರಿಂದ ಒಲೆಗೆ ಸೌದೆಯಿಲ್ಲ. ಮೈ ಇನ್ನಷ್ಟು ತಣ್ಣಗಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿನ ಪಾಡು ಇನ್ನೂ ಕಠಿನ. ಏಕೆಂದರೆ ಕಂದುಕೊಬ್ಬು ಮುಖ್ಯವಾಗಿ ಶೇಖರವಾಗುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ.

ತಾಯಿಯ ಎದೆಯು ಈ ಸರಪಳಿಯನ್ನು ಮೊದಲ ಕೊಂಡಿಯಲ್ಲಿಯೇ ಕಡಿದುಹಾಕುತ್ತದೆ. ಹೇಗೆಂದರೆ, ಎರಡು ವಸ್ತುಗಳ ನಡುವೆ ಉಷ್ಣ ಹರಿಯುವುದು ಅವುಗಳ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ತನ್ನಷ್ಟೇ ಬೆಚ್ಚಗಿರುವ ಇನ್ನೊಂದು ಮೈಗೆ ತಗುಲಿಕೊಂಡಿರುವ ಭಾಗದಿಂದ ಕೂಸು ಉಷ್ಣವನ್ನು ಕಳೆದುಕೊಳ್ಳುವುದಿಲ್ಲ. ಮೈ ತಣ್ಣಗಿದ್ದರೆ ಉಷ್ಣವನ್ನು ಪಡೆದುಕೊಳ್ಳುತ್ತದೆ. ಬೆನ್ನಿನ ಮೇಲಿನ ಬಟ್ಟೆಯೂ ತಲೆಯ ಮೇಲಿನ ಕುಲಾವಿಯೂ ಅಲುಗಾಡದ ಗಾಳಿಯ ಪದರವನ್ನು ಹಿಡಿದಿಟ್ಟು ಉಳಿದ ದಾರಿಗಳನ್ನು ಕಟ್ಟುತ್ತವೆ. ೫೦ ಕಿಲೊಗ್ರಾಂ ತೂಗುವ ತಾಯಿಯ ಮೈ ಸುಮ್ಮನೆ ಮಲಗಿರುವಾಗಲೂ ಗಂಟೆಗೆ ಸುಮಾರು ೫೦ ಕಿಲೊಕ್ಯಾಲೊರಿ ಉಷ್ಣವನ್ನು, ಕೂಸಿನ ಉತ್ಪತ್ತಿಯ ಹತ್ತು ಪಟ್ಟನ್ನು, ಹುಟ್ಟಿಸುತ್ತಿರುತ್ತದೆ. ಮೇಲಾಗಿ ಈ ಒಲೆ ಅತಿಯಾಗಿ ಕಾಯುವುದಿಲ್ಲ, ವಿದ್ಯುತ್ತು ನಿಂತಾಗ ಆರುವುದಿಲ್ಲ. ಕೂಸಿನ ಸ್ಪರ್ಶದಿಂದ ತಾಯಿಯ ಎದೆಯ ಚರ್ಮದಲ್ಲಿ ರಕ್ತಸಂಚಾರ ಹೆಚ್ಚಿ ಅಲ್ಲಿಯ ಉಷ್ಣತೆ ಏರುವುದನ್ನೂ ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಕೋಳಿಯ ಪೆಟ್ಟಿಗೆಯಿಂದ ಕಾಂಗರೂವಿನ ಚೀಲದವರೆಗೆ

ಬೆಚ್ಚನೆಯ ಮಹತ್ವ ವೈದ್ಯರಿಗೆ ಗೊತ್ತಿರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಪ್ರಸೂತಿತಜ್ಞ ಸ್ಟೆಫಾನ್ ಟಾರ್ನಿಯೇ ಅಲ್ಲಿಯ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ದಿನ ತುಂಬದೆ ಹುಟ್ಟಿದ ಕೂಸುಗಳಿಗೂ ಅಂಥದೊಂದನ್ನು ಮಾಡಿಸಿದನು. ೧೮೮೦ರ ದಶಕದ ಆರಂಭದಿಂದ ಅದು ಅವನ ಆಸ್ಪತ್ರೆಯಲ್ಲಿ ಬಳಕೆಗೆ ಬಂದಿತು. ಕಾವುಪೆಟ್ಟಿಗೆಯ ಕಥೆ ಆರಂಭವಾದದ್ದು ಹೀಗೆ. ೧೯೫೮ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಅವನ ಸಹೋದ್ಯೋಗಿಗಳು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಪೆಟ್ಟಿಗೆಯ ಗಾಳಿಯನ್ನು ಸುಮಾರು ೨೯ ಡಿಗ್ರಿಗೆ ಬದಲಾಗಿ ಸುಮಾರು ೩೨ ಡಿಗ್ರಿಯಲ್ಲಿ ಇರಿಸಿದಾಗ ನೂರು ಕೂಸುಗಳಲ್ಲಿ ಬದುಕುಳಿಯುವವುಗಳ ಸಂಖ್ಯೆ ಸುಮಾರು ಹದಿನೈದರಷ್ಟು ಹೆಚ್ಚಿತು. ಮೂರು ಡಿಗ್ರಿಗಳ ಬೆಲೆ ಇಷ್ಟು!

ಕಾವುಪೆಟ್ಟಿಗೆಯು ಅಸಂಖ್ಯಾತ ಜೀವಗಳನ್ನು ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಆದರೆ ಅದರೊಡನೆ ಒಂದು ಪದ್ಧತಿಯೂ ಬೆಳೆದುಬಂದಿತು. ಕೂಸು ಒಂದು ಕೋಣೆಯಲ್ಲಿ, ತಾಯಿ ಇನ್ನೊಂದು ಕೋಣೆಯಲ್ಲಿ. ದೊಡ್ಡ ಆಸ್ಪತ್ರೆಗಳಲ್ಲಿ ಆರೋಗ್ಯವಂತ ಕೂಸುಗಳನ್ನೂ ತೂಕ ನೋಡುವುದಕ್ಕೆಂದು, ಸ್ನಾನ ಮಾಡಿಸುವುದಕ್ಕೆಂದು, ಸೋಂಕು ತಗುಲದಿರಲೆಂದು ತಾಯಿಯಿಂದ ದೂರವಿರಿಸುವುದು ವಾಡಿಕೆಯಾಯಿತು.

ಈ ವಾಡಿಕೆಯನ್ನು ಪ್ರಶ್ನಿಸುವ ಸಂದರ್ಭ ಒದಗಿದ್ದು ಸಮೃದ್ಧಿಯಿಂದಲ್ಲ, ಬಡತನದಿಂದ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾ ಸಮುದ್ರಮಟ್ಟದಿಂದ ಸುಮಾರು ೨೬೦೦ ಮೀಟರ್ ಎತ್ತರದಲ್ಲಿರುವ ತಣ್ಣನೆಯ ಊರು. ಅಲ್ಲಿಯ ತಾಯಿಮಕ್ಕಳ ಸರ್ಕಾರಿ ಆಸ್ಪತ್ರೆಯಲ್ಲಿ ೧೯೭೦ರ ದಶಕದಲ್ಲಿ ಜನದಟ್ಟಣೆ ಹೇಳತೀರದಷ್ಟಿತ್ತು. ಕಾವುಪೆಟ್ಟಿಗೆಗಳು ಸಾಲದೆ ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಮಲಗಿಸಬೇಕಾಗಿತ್ತು. ಸೋಂಕು ಒಂದರಿಂದ ಇನ್ನೊಂದಕ್ಕೆ ಹರಡುತ್ತಿತ್ತು. ವಾರಗಟ್ಟಲೆ ಮಗುವಿನ ಮುಖವನ್ನೇ ಕಾಣದ ತಾಯಂದಿರಲ್ಲಿ ಕೆಲವರು ಅದನ್ನು ಆಸ್ಪತ್ರೆಯಲ್ಲಿಯೇ ಬಿಟ್ಟುಹೋಗುತ್ತಿದ್ದರು. ೧೯೭೮ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಸ್ಥಿತಿ ಸ್ತಿಮಿತಗೊಂಡ ಚಿಕ್ಕ ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿ ಬೆಚ್ಚಗಿರಿಸುವ ಕ್ರಮವನ್ನು ಆರಂಭಿಸಿದರು. ಮುಂದಿನ ವರ್ಷ ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಅವರೊಡನೆ ಸೇರಿ ಅದನ್ನು ಮುಂದುವರಿಸಿದರು. ಹುಟ್ಟಿದಾಗ ಒಂದು ಗ್ರಾಂ ತೂಕವೂ ಇಲ್ಲದ ಕಾಂಗರೂವಿನ ಮರಿಯು ತಾಯಿಯ ಚೀಲವನ್ನು ಸೇರಿ, ಮೊಲೆತೊಟ್ಟನ್ನು ಕಚ್ಚಿಕೊಂಡು ಅಲ್ಲಿಯೇ ಬೆಳೆಯುತ್ತದೆಯಷ್ಟೆ. ಅದನ್ನು ನೆನಪಿಗೆ ತರುವ ಈ ಕ್ರಮಕ್ಕೆ ‘ಕಾಂಗರೂ ತಾಯಿ ಆರೈಕೆ’ ಎಂಬ ಹೆಸರು ಬಂದಿತು.

ಬಡವರ ಆಸ್ಪತ್ರೆಯಲ್ಲಿ ಹುಟ್ಟಿದ ಈ ಕ್ರಮವನ್ನು ಪೆಟ್ಟಿಗೆ ಸಿಗದಾಗ ಅನುಸರಿಸುವ ಎರಡನೆಯ ದರ್ಜೆಯ ಉಪಾಯವೆಂದು ಅನೇಕರು ಬಹುಕಾಲ ಭಾವಿಸಿದ್ದರು. ಕೂಸಿನ ಸ್ಥಿತಿ ಮೊದಲು ಪೆಟ್ಟಿಗೆಯಲ್ಲಿ ಸ್ತಿಮಿತಗೊಳ್ಳಲಿ, ಅನಂತರ ತಾಯಿಯ ಎದೆಗೆ ಹೋಗಲಿ ಎಂಬುದೇ ನಿಯಮವಾಗಿತ್ತು. ಹುಟ್ಟಿದೊಡನೆಯೇ ಏಕಾಗಬಾರದು? ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿಯೂ ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿಯೂ ಪ್ರಯೋಗವೊಂದನ್ನು ನಡೆಸಿತು. ೧ ಕಿಲೊಗ್ರಾಮಿನಿಂದ ೧.೮ ಕಿಲೊಗ್ರಾಮಿನೊಳಗೆ ತೂಗುವ ೩೨೧೧ ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಲಾಯಿತು. ಒಂದು ಪಂಗಡಕ್ಕೆ ಹುಟ್ಟಿದೊಡನೆಯೇ ತಾಯಿಯ ಎದೆ; ಇನ್ನೊಂದಕ್ಕೆ ಮೊದಲು ಪೆಟ್ಟಿಗೆ, ಸ್ಥಿತಿ ಸ್ತಿಮಿತಗೊಂಡ ಬಳಿಕ ತಾಯಿಯ ಎದೆ. ೨೦೨೧ರಲ್ಲಿ ಫಲಿತಾಂಶ ಪ್ರಕಟವಾಯಿತು. ೨೮ ದಿನಗಳೊಳಗೆ ಸತ್ತ ಕೂಸುಗಳು ಎರಡನೆಯ ಪಂಗಡದಲ್ಲಿ ನೂರಕ್ಕೆ ೧೫.೭, ಮೊದಲನೆಯದರಲ್ಲಿ ನೂರಕ್ಕೆ ೧೨. ಸಾವುಗಳಲ್ಲಿ ಸುಮಾರು ಕಾಲುಭಾಗ ಕಡಮೆಯಾಗಿತ್ತು. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಎರಡನೆಯ ಪಂಗಡಕ್ಕೆ ಆ ಲಾಭವನ್ನು ತಪ್ಪಿಸುವುದು ನ್ಯಾಯವಲ್ಲವೆಂದು ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಸಲಹೆಯನ್ನು ತಿದ್ದಿ, ಇಂಥ ಕೂಸುಗಳಿಗೆ ಈ ಆರೈಕೆಯನ್ನು ಸಾಧ್ಯವಾದಷ್ಟು ಬೇಗ ಆರಂಭಿಸಿ ದಿನಕ್ಕೆ ೮ರಿಂದ ೨೪ ಗಂಟೆಗಳವರೆಗೆ ಕೊಡಬೇಕೆಂದು ಹೇಳಿತು. ಈ ಆರೈಕೆಯನ್ನು ಒಂದು ಜಿಲ್ಲೆಯ ಎಲ್ಲ ಚಿಕ್ಕ ಕೂಸುಗಳಿಗೂ ಮುಟ್ಟಿಸುವುದು ಹೇಗೆಂಬ ಅಧ್ಯಯನಕ್ಕೆ ನಮ್ಮ ಕೊಪ್ಪಳ ಜಿಲ್ಲೆಯೂ ಕ್ಷೇತ್ರವಾಗಿತ್ತೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ.

ಮೊದಲ ಹಾಲು

ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೂ ತಾಯಿಯ ಎದೆ ಬೇಕಾಗುವುದು ಕೇವಲ ಬೆಚ್ಚಗಿರುವುದಕ್ಕಲ್ಲ. ಸ್ವೀಡನ್ ದೇಶದ ಸಂಶೋಧಕರು ೧೯೮೭ರಲ್ಲಿ ಒಂದು ವಿಸ್ಮಯಕರವಾದ ಸಂಗತಿಯನ್ನು ವರ್ಣಿಸಿದರು. ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ ಸುಮ್ಮನೆ ಬಿಟ್ಟ ಕೂಸು ಮೊದಲು ಅಳುತ್ತದೆ, ಅನಂತರ ಶಾಂತವಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಎಚ್ಚೆತ್ತು ಕಣ್ಣು ಬಿಡುತ್ತದೆ, ಕೈಯನ್ನು ಬಾಯಿಗೊಯ್ಯುತ್ತದೆ, ಕಾಲುಗಳಿಂದ ಒತ್ತಿ ಒತ್ತಿ ಮೇಲಕ್ಕೆ ಜರುಗುತ್ತದೆ. ಕೊನೆಗೆ ಯಾರ ಸಹಾಯವೂ ಇಲ್ಲದೆ ಮೊಲೆತೊಟ್ಟನ್ನು ಹಿಡಿದು ಚೀಪತೊಡಗುತ್ತದೆ. ಇದಕ್ಕೆಲ್ಲ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅದೇ ದೇಶದಲ್ಲಿ ೭೨ ಕೂಸುಗಳ ಮೇಲೆ ನಡೆದು ೧೯೯೦ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಈ ಗಂಟೆಯ ನಡುವೆ ತೂಕ ಅಳತೆಗಳಿಗೆಂದು ಎತ್ತಿಕೊಂಡುಹೋದ ಕೂಸುಗಳಲ್ಲಿ ಸರಿಯಾಗಿ ಚೀಪಲು ಕಲಿತವು ಬಹಳ ಕಡಮೆಯೆಂಬುದನ್ನು ತೋರಿಸಿತು.

ಕೂಸು ಚೀಪಿದಾಗ ತಾಯಿಯ ಮೆದುಳಿನಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಈ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಸಂಕುಚಿಸುವ ಶಕ್ತಿಯಿದೆಯೆಂದು ೧೯೦೬ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ತೋರಿಸಿದ್ದನು. ೧೯೫೩ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಈ ಹಾರ್ಮೋನನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದನು; ೧೯೫೫ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆಕ್ಸಿಟೋಸಿನ್ ಒಂದೆಡೆ ಹಾಲು ಹೊರಬರುವಂತೆ ಮಾಡುತ್ತದೆ. ಇನ್ನೊಂದೆಡೆ ಗರ್ಭಕೋಶವನ್ನು ಸಂಕುಚಿಸಿ ತಾಯಿಯ ರಕ್ತಸ್ರಾವವನ್ನು ಕಡಮೆಮಾಡಲು ನೆರವಾಗುತ್ತದೆ. ಕೂಸು ತನ್ನ ಹಸಿವಿಗಾಗಿ ಮಾಡುವ ಕೆಲಸ ತಾಯಿಗೂ ಹಿತವಾಗಿ ಪರಿಣಮಿಸುತ್ತದೆ.

ಆ ಮೊದಲ ಹಾಲು ದಪ್ಪ, ಹಳದಿ, ಅತ್ಯಲ್ಪ. ಒಂದು ಸಲಕ್ಕೆ ಒಂದೆರಡು ಸಣ್ಣ ಚಮಚೆಗಿಂತ ಹೆಚ್ಚಿರುವುದಿಲ್ಲ. ಆ ದಿನದ ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ತಕ್ಕುದು. ರೋಗಾಣುಗಳು ಕರುಳಿನ ಗೋಡೆಗೆ ಅಂಟಿಕೊಳ್ಳದಂತೆ ತಡೆಯುವ ಪ್ರತಿಕಾಯಗಳೂ ಬಿಳಿಯ ರಕ್ತಕಣಗಳೂ ಎ ಜೀವಸತ್ವವೂ ಅದರಲ್ಲಿ ಹೇರಳವಾಗಿವೆ. ಹಳ್ಳಿಯಲ್ಲಿ ಹಸು ಈದರೆ ಗಿಣ್ಣಿನ ಹಾಲು ಕರುವಿಗೆ ಮೊದಲು ಸಲ್ಲಬೇಕೆಂದು ನಮ್ಮ ರೈತರು ಬಲ್ಲರು. ಹಸುವಿನ ಗರ್ಭದಲ್ಲಿರುವಾಗ ಕರುವಿಗೆ ತಾಯಿಯಿಂದ ಪ್ರತಿಕಾಯಗಳು ದೊರೆಯುವುದೇ ಇಲ್ಲವಾದುದರಿಂದ ಈ ತಿಳಿವಳಿಕೆ ಬಹಳ ಸರಿಯಾದುದು. ಆದರೆ ಅದೇ ಮನೆಗಳಲ್ಲಿ ಕೆಲವೆಡೆ ಮನುಷ್ಯರ ಗಿಣ್ಣುಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನನ್ನೋ ಸಕ್ಕರೆನೀರನ್ನೋ ಹರಳೆಣ್ಣೆಯನ್ನೋ ಹಾಕುವ ರೂಢಿ ಇದ್ದುಬಂದಿದೆ. ಕರುವಿಗೆ ತೋರಿಸುವ ವಿವೇಕವನ್ನು ಮಗುವಿಗೂ ತೋರಿಸಬೇಡವೆ? ಜೇನಿನಲ್ಲಿ ಹಸುಳೆಗಳಿಗೆ ಮಾರಕವಾಗಬಲ್ಲ ಒಂದು ಬಗೆಯ ರೋಗಾಣುವಿನ ಬೀಜಕಗಳಿರಬಹುದಾದುದರಿಂದ ಒಂದು ವರ್ಷ ತುಂಬುವವರೆಗೆ ಅದನ್ನು ಕೊಡಲೇಬಾರದೆಂದು ವೈದ್ಯರು ಎಚ್ಚರಿಸುತ್ತಾರೆ. ಘಾನಾ ದೇಶದ ಹಳ್ಳಿಗಳಲ್ಲಿ ಸುಮಾರು ಹನ್ನೊಂದು ಸಾವಿರ ಕೂಸುಗಳ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನವು, ಎಲ್ಲ ಕೂಸುಗಳಿಗೂ ಮೊದಲ ಗಂಟೆಯಲ್ಲಿ ಎದೆಹಾಲು ದೊರೆತಿದ್ದರೆ ನವಜಾತ ಶಿಶುಗಳ ಸಾವುಗಳಲ್ಲಿ ನೂರಕ್ಕೆ ೨೨ರಷ್ಟು ತಪ್ಪಬಹುದಾಗಿತ್ತೆಂದು ಅಂದಾಜು ಮಾಡಿದೆ.

ನಮ್ಮ ಮುಂದಿರುವ ಕೆಲಸ

೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎರಡು ಸಂಖ್ಯೆಗಳಿವೆ. ಭಾರತದಲ್ಲಿ ನೂರಕ್ಕೆ ೮೮.೬ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ನೂರಕ್ಕೆ ೪೧.೮ ಮಾತ್ರ. ತಾಯಿ ಆಸ್ಪತ್ರೆಯನ್ನು ಮುಟ್ಟಿದ್ದಾಳೆ; ಕೂಸು ತಾಯಿಯ ಎದೆಯನ್ನು ಮುಟ್ಟಿಲ್ಲ. ಈ ಅಂತರವನ್ನು ತುಂಬಲು ದುಬಾರಿ ಯಂತ್ರ ಬೇಕಾಗಿಲ್ಲ. ಹೆರಿಗೆಯ ಕೋಣೆ ೨೫ ಡಿಗ್ರಿಗಿಂತ ತಣ್ಣಗಿರದಂತೆ ನೋಡಿಕೊಳ್ಳಬೇಕು, ಬೀಸಣಿಗೆಯನ್ನು ನಿಲ್ಲಿಸಬೇಕು. ಕೂಸನ್ನು ಒರಸಿದ ಒದ್ದೆಬಟ್ಟೆಯನ್ನು ತೆಗೆದುಹಾಕಬೇಕು. ತೂಕ ಒಂದು ಗಂಟೆ ಕಾಯಬಲ್ಲುದು. ಸ್ನಾನ ಒಂದು ದಿನ ಕಾಯಬಲ್ಲುದು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದಾಗಲೂ ತಾಯಿಗೆ ಎಚ್ಚರವಿದ್ದು ಇಬ್ಬರೂ ಕ್ಷೇಮವಾಗಿದ್ದರೆ ಇದು ಸಾಧ್ಯ.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹುಟ್ಟಿದೊಡನೆ ಉಸಿರಾಡದ ಕೂಸಿಗೆ ಮೊದಲು ಬೇಕಾದುದು ವೈದ್ಯರ ನೆರವು. ಎದೆಯ ಮೇಲೆ ಮಲಗಿರುವ ಕೂಸಿನ ಮುಖ ಒಂದು ಪಕ್ಕಕ್ಕೆ ತಿರುಗಿರಬೇಕು, ಮೂಗು ಬಟ್ಟೆಯಿಂದ ಮುಚ್ಚಿರಬಾರದು, ಕುತ್ತಿಗೆ ಮಡಿಚಿರಬಾರದು. ದಣಿದ ತಾಯಿಗೆ ನಿದ್ದೆ ಹತ್ತಬಹುದಾದುದರಿಂದ ದಾದಿಯೋ ಮನೆಯವರಲ್ಲೊಬ್ಬರೋ ಬಳಿಯಲ್ಲಿದ್ದು ಕೂಸಿನ ಬಣ್ಣವನ್ನೂ ಉಸಿರಾಟವನ್ನೂ ಗಮನಿಸುತ್ತಿರಬೇಕು. ತಾಯಿಗೆ ಅಸ್ವಸ್ಥತೆಯಿದ್ದಾಗ ತಂದೆಯೋ ಅಜ್ಜಿಯೋ ತಮ್ಮ ಎದೆಯ ಮೇಲೆ ಮಲಗಿಸಿಕೊಂಡು ಕೂಸನ್ನು ಬೆಚ್ಚಗಿರಿಸಬಹುದು.

ಗುಪ್ತೋಷ್ಣದ ಪಾಠವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಅದನ್ನು ಪರೀಕ್ಷೆಯ ಮರುದಿನ ಮರೆಯುತ್ತಾರೆ. ಅವರ ಮನೆಗಳಲ್ಲಿ ಅಕ್ಕನದೋ ಅತ್ತಿಗೆಯದೋ ಹೆರಿಗೆಯಾಗುವ ಸಮಯದಲ್ಲಿ ಕೂಸಿನ ಮೈಮೇಲಿನ ಎರಡು ಚಮಚೆ ನೀರಿನ ಲೆಕ್ಕವನ್ನು ನೆನಪಿಸಿಕೊಂಡು ಮನೆಯ ಹಿರಿಯರಿಗೆ ತಿಳಿಯಹೇಳಿದರೆ, ಆ ಪಾಠ ಕಲಿತದ್ದು ಸಾರ್ಥಕವಾಗುತ್ತದೆ.